ಅವಳ ಎಡಗಾಲು

ನಾನು ಕನ್ನಡಿಯಿಲ್ಲದ ಒಂದು ಬೈಕು. ಹುಟ್ಟುವಾಗ ಹೀಗಿರಲಿಲ್ಲ. ಕಾರ್ಖಾನೆಯಿಂದ ಹೊರಬಂದಾಗ ನನಗೆ ಎರಡು ಕನ್ನಡಿ, ದೀಪ, ಹಾರ್ನು, ಹಿಂದೆ ಕೂರುವವರ ಸೀರೆ ಚಕ್ರಕ್ಕೆ ಸಿಗದಂತೆ ಒಂದು ಜಾಲರಿ, ಎಲ್ಲವೂ ಇತ್ತು. ಮೊದಲ ಯಜಮಾನರು ಔಷಧಿ ಮಾರುವ ಕಂಪನಿಯವರು. ನನ್ನ ಮೇಲೆ ಕೂತು ಮೈಸೂರಿನ ಡಾಕ್ಟರುಗಳ ಬಾಗಿಲೆಲ್ಲ ಸುತ್ತಿದರು. ಕಾರು ಬಂದ ವಾರವೇ ನನ್ನನ್ನು ಮೆಕ್ಯಾನಿಕ್ ಅಫ್ಸರ್ ಅಣ್ಣನಿಗೆ ಕೊಟ್ಟುಬಿಟ್ಟರು.

ಅಫ್ಸರ್ ಅಣ್ಣ ನನ್ನ ಮೈಮೇಲಿನದನ್ನೆಲ್ಲ ಒಂದೊಂದಾಗಿ ಬಿಚ್ಚಿಟ್ಟರು. ದೀಪ ಹೋಯಿತು, ಕನ್ನಡಿ ಹೋಯಿತು, ನಂಬರ್ ಪ್ಲೇಟೂ ಹೋಯಿತು. ಇನ್ನು ನಾನು ರಸ್ತೆಗೆ ಇಳಿಯುವಂತಿಲ್ಲ. ರೇಸಿನ ಟ್ರ್ಯಾಕಿಗೆ ಟೆಂಪೋದಲ್ಲಿ ಹಗ್ಗ ಕಟ್ಟಿಸಿಕೊಂಡು ಹೋಗಬೇಕು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತ ಮೊಸರಿನ ಕ್ಯಾನಿನ ಮೊಪೆಡ್ ಕೂಡ ತನ್ನ ಕಾಲ ಮೇಲೆ ತಾನು ಹೋಗುತ್ತಿತ್ತು. ಹೊಟ್ಟೆಕಿಚ್ಚು ಅಂದರೆ ಏನೆಂದು ನನಗೆ ಮೊದಲು ತಿಳಿದದ್ದು ಆ ಟೆಂಪೋದಲ್ಲಿ.

ಆಮೇಲೆ ಮೇದಿನಿ ಬಂದಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಅಲ್ಲಿಯವರೆಗೆ ಗೇರಿಲ್ಲದ ಸ್ಕೂಟರ್ ಬಿಟ್ಟು ಬೇರೇನೂ ಓಡಿಸಿದವಳಲ್ಲ. ಟ್ರ್ಯಾಕಿನಲ್ಲಿ ಕಲಿಯಬೇಕು ಅಂದಳು, ಅದೂ ನೆಲ ನೋಡುತ್ತ. ನನ್ನನ್ನು ಕೊಂಡುಕೊಂಡಳು. ಅಫ್ಸರ್ ಅಣ್ಣ ನನ್ನ ಗೇರನ್ನು ಉಲ್ಟಾ ಮಾಡಿಕೊಟ್ಟರು. ನನ್ನಂಥ ಬೈಕುಗಳಲ್ಲಿ ಸಾಮಾನ್ಯವಾಗಿ ಕಾಲಿನಿಂದ ಒತ್ತಿದರೆ ಗೇರು ಇಳಿಯುತ್ತದೆ, ಬೆರಳಿಂದ ಎತ್ತಿದರೆ ಏರುತ್ತದೆ. ನನ್ನಲ್ಲಿ ಎತ್ತಿದರೆ ಇಳಿಯುತ್ತದೆ, ಒತ್ತಿದರೆ ಏರುತ್ತದೆ. ತಿರುವಿನಲ್ಲಿ ಎಡಕ್ಕೆ ಮಲಗಿದಾಗ ಗೇರಿನ ಕೆಳಗೆ ಪಾದ ತೂರಿಸಲು ಜಾಗವಿರುವುದಿಲ್ಲ, ಅದಕ್ಕೆ.

"ಶುರುವಿಂದ ಇದನ್ನೇ ಕಲ್ತ್‌ಬಿಡಮ್ಮಾ. ಆಮೇಲೆ ಕಾಲು ಮಾತ್ ಕೇಳಲ್ಲ," ಅಂದರು ಅಫ್ಸರ್ ಅಣ್ಣ.

ಕಲಿತಳು. ಎಷ್ಟು ಸಲ ಬಿದ್ದೆವೋ! ಬಿದ್ದಾಗಲೆಲ್ಲ ನನ್ನನ್ನು ಎತ್ತಿ ನಿಲ್ಲಿಸಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ನನಗೆ ಮಾತ್ರ ಕೇಳುವ ಹಾಗೆ "ನಡಿ ಮರಿ" ಅನ್ನುತ್ತಿದ್ದಳು. ಯಾರೊಡನೆಯೂ ಎರಡು ಮಾತು ಹೆಚ್ಚು ಆಡದವಳು ನನಗೊಂದು ಹೆಸರಿಟ್ಟಿದ್ದಳು. ಅವಳ ಮೊಣಕಾಲು ಉಜ್ಜಿ ಉಜ್ಜಿ ನನ್ನ ಟ್ಯಾಂಕಿನ ಬಣ್ಣ ಒಂದು ಕಡೆ ಸವೆದು ತಗಡು ಕಾಣುತ್ತಿತ್ತು. ಅದು ನನ್ನ ಒಡವೆ.

ಅಫ್ಸರ್ ಅಣ್ಣನ ಶೆಡ್ಡಿನ ಮೂಲೆಯಲ್ಲಿ ಒಂದು ನೀಲಿ ಡ್ರಮ್ಮು. ಅದರಲ್ಲಿ ನನಗೆಂದು ತಂದ ಬಿಡಿಭಾಗಗಳು: ಬ್ರೇಕಿನ ಲಿವರುಗಳು, ಚೈನು, ಒಂದು ಗೀರೂ ಇಲ್ಲದ ಹೊಸ ಟ್ಯಾಂಕು. ನನ್ನ ಒಳ್ಳೆಯದಕ್ಕೇ ತಂದದ್ದು, ಗೊತ್ತು. ಆದರೂ ಆ ಟ್ಯಾಂಕು ಕಂಡರೆ ನನಗೆ ಆಗುತ್ತಿರಲಿಲ್ಲ. ನನ್ನ ಜಾಗ ಯಾವಾಗ ಖಾಲಿಯಾಗುವುದೋ ಎಂದು ಕಾದು ಕೂತವರನ್ನು ಹೇಗೆ ಪ್ರೀತಿಸುವುದು?

ಡ್ರಮ್ಮಿನ ಮೇಲೆ ಕಣ್ಣಿಟ್ಟು ಕೂತ ನಾನು ಬಾಗಿಲು ನೋಡಲೇ ಇಲ್ಲ. ಕೆಂಪಿ ಬಂದದ್ದು ಬಾಗಿಲಿನಿಂದ.

ಹೊಸ ಬೈಕು, ನನಗಿಂತ ದೊಡ್ಡವಳು, ಕೆಂಪು ಬಣ್ಣ. ಅವಳ ಟಯರುಗಳಿಗೆ ಕಂಬಳಿ! ಓಡುವ ಮುಂಚೆ ಬೆಚ್ಚಗಿರಲೆಂದು ಕರೆಂಟಿನ ಕಂಬಳಿ ಹೊದಿಸುತ್ತಾರೆ. ನನ್ನ ಚಕ್ರಗಳಿಗೆ ಚಳಿಯಾಗುತ್ತದೆಯೇ ಎಂದು ಯಾರೂ ಒಂದು ದಿನ ಕೇಳಿದ್ದಿಲ್ಲ. "ಇದರದ್ದೂ ಗೇರ್ ಉಲ್ಟಾ ಮಾಡ್ಲಾ?" ಎಂದು ಅಫ್ಸರ್ ಅಣ್ಣ ಕೇಳಿದರೆ, "ಹೊಸಾದು, ಈಗ್ಲೇ ಬಿಚ್ಚೋದ್ ಬೇಡ ಅಣ್ಣ. ಅಭ್ಯಾಸ ಮಾಡ್ಕೋತೀನಿ," ಅಂದಳು ಮೇದಿನಿ. ನನ್ನನ್ನು ಬಿಚ್ಚುವಾಗ ಈ ಮಾತು ಯಾರಿಗೂ ಹೊಳೆದಿರಲಿಲ್ಲ.

ಮಾರನೇ ದಿನ ಅವಳು ನನ್ನ ಫೋಟೋ ತೆಗೆದಳು. ಸಂತೋಷವಾಯಿತು. ಡ್ರಮ್ಮಿನ ಫೋಟೋವನ್ನೂ ತೆಗೆದಾಗ ಅರ್ಥವಾಯಿತು. "ಕಲಿಯೋರಿಗೆ ಒಳ್ಳೇ ಟ್ರ್ಯಾಕ್ ಬೈಕ್. ಬಿಡಿಭಾಗ ಎಲ್ಲಾ ಜೊತೆಗೇ ಕೊಡ್ತೀನಿ," ಎಂದು ಫೋನಿನಲ್ಲಿ ಹೇಳುತ್ತಿದ್ದಳು. ಫೋನಿಟ್ಟು, ಕೆಂಪಿಯ ಕಂಬಳಿ ಸರಿಸುತ್ತ ಮೆಲ್ಲಗೆ ಅಂದಳು: "ನಡಿ ಮರಿ."

ನನ್ನ ಹೆಸರು ಅದು.

ಕೊಳ್ಳಲು ಬಂದವಳು ಗೌತಮಿ, ಮಂಡ್ಯದ ಕಡೆಯ ಪಿ.ಟಿ. ಟೀಚರು. ಜೊತೆಗೆ ಗಂಡ. ನನ್ನನ್ನು ಓಡಿಸಿ ನೋಡಲೆಂದು ಇಬ್ಬರೂ ಟ್ರ್ಯಾಕಿಗೇ ಬಂದಿದ್ದರು.

ಗಂಡ ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ಏನಮ್ಮಿ, ಲೈಟೇ ಇಲ್ವಲ್ಲ ಇದ್ಕೆ! ಲೀಟ್ರಿಗೆ ಎಷ್ಟ್ ಕೊಡ್ತದಂತೆ?"

"ರೀ, ಸುಮ್ನಿರಿ. ಇದ್ರಾಗೆ ಸಂತೆಗ್ ಹೋಗಕ್ಕಾಯ್ತದಾ?"

"ಹಿಂದ್ಗಡೆ ಸೀಟೂ ಇಲ್ಲ. ನಾನೆಲ್ಲಿ ಕೂರ್ಲಿ?"

"ಮನೇಲಿ!"

ಮೇದಿನಿ ನಕ್ಕಳು. ಅವರು ನನ್ನನ್ನು ನೋಡುತ್ತಿರಲಿ ಎಂದು ತಾನು ಕೆಂಪಿಯನ್ನೇರಿ ಹೋದಳು. ಉದ್ದನೆಯ ನೇರ ದಾರಿಯಲ್ಲಿ ಕೆಂಪಿಯ ಸದ್ದು ಏರುತ್ತ ಬಂತು. ಇನ್ನೊಂದು ಗೇರು ಏರಿಸಬೇಕು. ಮೇದಿನಿಯ ಎಡಗಾಲು ಒತ್ತಿತು, ನಾನು ಕಲಿಸಿದ ಹಾಗೆ. ಕೆಂಪಿಯಲ್ಲಿ ಒತ್ತಿದರೆ ಇಳಿಯುತ್ತದೆ. ಹಿಂದಿನ ಚಕ್ರ ಕಿರ್ರನೆ ಕಚ್ಚಿ ನಿಂತು, ಬಾಲದಂತೆ ಅತ್ತಿತ್ತ ಹೊಡೆದು, ಕೆಂಪಿ ಟ್ರ್ಯಾಕ್ ಬಿಟ್ಟು ಹುಲ್ಲಿಗೆ ನುಗ್ಗಿದಳು.

ನನಗೆ ಮೊದಲು ಆದದ್ದು ಖುಷಿ. ಅವಳ ಕಾಲು ಇನ್ನೂ ನನ್ನದೇ! ಕೆಂಪಿ ಏನು ಹೊದ್ದರೇನು? ಆಮೇಲೆ ಧೂಳು ಎದ್ದಿತು. ಧೂಳಿನಲ್ಲಿ ಮೇದಿನಿ ಕಾಣಲಿಲ್ಲ. ನನ್ನ ಖುಷಿಯ ಮೇಲೆ ಯಾರೋ ತಣ್ಣೀರು ಸುರಿದಂತಾಯಿತು. ಕನ್ನಡಿಯೊಂದಿದ್ದಿದ್ದರೂ ಆಗ ನನ್ನ ಮುಖ ನೋಡಿಕೊಳ್ಳಲು ಆಗುತ್ತಿರಲಿಲ್ಲ.

ಅವಳು ಬೀಳಲಿಲ್ಲ. ಕೆಂಪಿಯನ್ನು ಮೆಲ್ಲಗೆ ತಿರುಗಿಸಿಕೊಂಡು ಬಂದಳು.

"ಅರೇ, ಮನೆ ಬದಲಾಯ್ಸಿದ್ರೂ ನಿನ್ ಕಾಲು ಹಳೇ ಅಡ್ರೆಸ್ಸಿಗೇ ಹೋಗ್ತಲ್ಲಮ್ಮಾ!" ಅಂದರು ಅಫ್ಸರ್ ಅಣ್ಣ.

ಹೆಲ್ಮೆಟ್ ಹಾಕಿಕೊಂಡು ನನ್ನ ಮೇಲೆ ಕೂತಿದ್ದ ಗೌತಮಿಯನ್ನು ಮೇದಿನಿ ಆಗ ನೋಡಿದಳು. ಓಡಿಬಂದು ಅವಳ ಕೈ ಹಿಡಿದಳು. "ಇಳೀರಿ ಅಕ್ಕಾ. ನೀವು ಊರಲ್ಲಿ ಮಾಮೂಲಿ ಬೈಕ್ ಓಡ್ಸಿರೋರು. ಇದು ಉಲ್ಟಾ. ನನಗಾದದ್ದೇ ನಿಮಗೂ ಆಗತ್ತೆ."

ಆಮೇಲೆ ನನ್ನ ಕಡೆ ನೋಡದೆ ಹೇಳಿದಳು: "ಅಣ್ಣಾ, ಇದನ್ನ ನೆಟ್ಟಗೆ ಮಾಡ್ಬಿಡಿ. ಅದನ್ನ ಉಲ್ಟಾ ಮಾಡಿ."

ಎರಡೇ ಮಾತು. ನನ್ನದು ಎನ್ನುವ ಒಂದೇ ಒಂದು ಗುಟ್ಟನ್ನು ನನ್ನಿಂದ ತೆಗೆದು, ನನ್ನ ಕಣ್ಣೆದುರಿಗೇ ಕೆಂಪಿಗೆ ಕೊಟ್ಟರು. ಕೆಂಪಿ ಸುಮ್ಮನೆ ನಿಂತು ಕೊಡಿಸಿಕೊಂಡಳು.

ಈಗ ನಾನು ಗೌತಮಿಯ ಶಾಲೆಯ ಆಟದ ಸಾಮಾನಿನ ಕೋಣೆಯಲ್ಲಿದ್ದೇನೆ, ಹರಿದ ವಾಲಿಬಾಲ್ ನೆಟ್ಟಿನ ಪಕ್ಕ. ಗೌತಮಿ ಒಳ್ಳೆಯವಳು. ಬಂದ ವರ್ಷವೇ ಆ ಹೊಸ ಟ್ಯಾಂಕನ್ನು ಹಾಕಿಸಿದಳು; ಮೇದಿನಿಯ ಮೊಣಕಾಲಿನ ಗುರುತಿದ್ದ ಹಳೆಯದು ನನ್ನ ಜೊತೆಗೇ ಬಂದ ನೀಲಿ ಡ್ರಮ್ಮಿಗೆ ಸೇರಿತು. ಲಿವರು ಬದಲಾಯಿತು, ಚೈನು ಬದಲಾಯಿತು. ಎಂಜಿನ್ನಿಗೆ ವಯಸ್ಸಾಗಿ ಹೊಗೆ ಬರುತ್ತದೆ. ಹಳೆಯ ನಾನು ನನ್ನಲ್ಲೇ ಎಷ್ಟು ಉಳಿದಿದ್ದೇನೋ ತಿಳಿಯದು.

ಹೋದ ಬೇಸಿಗೆ ಗೌತಮಿ ನನ್ನನ್ನು ಟ್ರ್ಯಾಕಿಗೆ ಒಯ್ದಿದ್ದಳು. ಅಲ್ಲಿ ಕೆಂಪಿ, ಕಂಬಳಿ ಸಮೇತ. ಮೇದಿನಿ ನನ್ನನ್ನು ಕಂಡವಳೇ ಓಡಿಬಂದು, "ಒಂದ್ ರೌಂಡ್ ಹೋಗ್ಲಾ ಅಕ್ಕಾ?" ಅಂದಳು.

ಕೂತಳು. ಕ್ಲಚ್ಚು ಹಿಡಿದು, ಮೊದಲ ಗೇರಿಗೆಂದು ಎಡಗಾಲ ಬೆರಳಿಂದ ಎತ್ತಿದಳು. ನನಗೀಗ ಎತ್ತಿದರೆ ಎರಡನೆಯದು ಬೀಳುತ್ತದೆ. ಒಂದು ಸಲ ಮುಗ್ಗರಿಸಿ ಆಫಾಗಿ ನಿಂತೆ.

"ಮೇದಿನೀ, ಅದು ನೆಟ್ಟಗದೆ ಕಣಮ್ಮ ಈಗ!" ಗೌತಮಿ ನಗುತ್ತ ಕೂಗಿದಳು.

ಮೇದಿನಿಯೂ ನಕ್ಕಳು. ತನ್ನ ಎಡಗಾಲನ್ನು ಒಮ್ಮೆ ನೋಡಿಕೊಂಡಳು. ಬಗ್ಗಿ, ಯಾರಿಗೂ ಕೇಳದ ಹಾಗೆ, "ನಡಿ ಮರಿ" ಅಂದಳು.

ನನ್ನಲ್ಲೇ ಉಳಿಯದ ನಾನು ಅವಳ ಆ ಕಾಲಿನಲ್ಲಿ ಉಳಿದಿದ್ದೆ. ಕೆಂಪಿ ಅಲ್ಲೇ ಕಂಬಳಿ ಹೊದ್ದು ನೋಡುತ್ತಿದ್ದಳು.

ನೋಡಲಿ.