ಏಳನೇ ರಾಣಿಯ ಜಾಗದಲ್ಲಿ ಗಿಳಿ

ನಮ್ಮ ತಂಡದಲ್ಲೊಂದು ಕಟ್ಟಳೆಯಿದೆ. ಕೆಲಸದಲ್ಲಿ ಗಂಟು ಬಿದ್ದರೆ ನೇರವಾಗಿ ಹಿರಿಯರ ಬಳಿ ಓಡುವಂತಿಲ್ಲ. ಮೊದಲು ಮೇಜಿನ ಮೇಲಿರುವ ಮರದ ಗೊಂಬೆಗೆ ಎಲ್ಲವನ್ನೂ ವಿವರಿಸಬೇಕು. ಅರ್ಧಕ್ಕರ್ಧ ತಪ್ಪುಗಳು ಗೊಂಬೆಯ ಮುಂದೆಯೇ ಬಾಯಿಬಿಡುತ್ತವೆ. ಆ ದಿನ ನಾನು ಮನೆಯಿಂದ ಕೆಲಸ ಮಾಡುತ್ತಿದ್ದೆ. ಗೊಂಬೆ ಆಫೀಸಿನಲ್ಲಿತ್ತು. ಮನೆಯಲ್ಲಿ ಇದ್ದದ್ದು ಅಜ್ಜಿ, ಬೀನ್ಸಿನ ನಾರು ತೆಗೆಯುತ್ತ.

ನಾವು ಕಟ್ಟುತ್ತಿರುವುದು ಹೊಸದೊಂದು ಪ್ರೋಗ್ರಾಮಿಂಗ್ ಭಾಷೆ. ಅದರಲ್ಲಿ ಕಂಪ್ಯೂಟರಿನ ನೆನಪಿನಿಂದ ಬೇಡವಾದ ಕಸ ಗುಡಿಸುವ ಭಾಗ ನನ್ನದು, ಆರು ತಿಂಗಳ ದುಡಿಮೆ. ಬೆಳಿಗ್ಗೆ ಫೋನ್ ಮಾಡಿದ ಹಿರಿಯರು, ನಾವು ಬೆನ್ನ ಹಿಂದೆ 'ಆಮೆ' ಎನ್ನುವವರು, ತಣ್ಣಗೆ ಹೇಳಿದ್ದರು: "ಸಂಜೆ ನಾಲ್ಕರೊಳಗೆ ಆ ತಪ್ಪು ಸರಿಹೋಗ್ಲಿಲ್ಲ ಅಂದ್ರೆ ನಿನ್ನ ಭಾಗ ತೆಗೆದು, ಹಳೇದನ್ನೇ ಹಾಕಿ ಬಿಡುಗಡೆ ಮಾಡ್ತೀವಮ್ಮಾ. ಬೇಜಾರ್ ಮಾಡ್ಕೋಬೇಡ."

ಎರಡೂವರೆಯಾಗಿತ್ತು.

"ಅಜ್ಜಿ, ನೀನೀಗ ಗೊಂಬೆ. ಮಾತಾಡಬಾರದು."

"ಎಂಬತ್ತು ವರ್ಷಕ್ಕೆ ಗೊಂಬೆ ಅನ್ನಿಸ್ಕೊಂಡೆನಲ್ಲ, ಸಾಕು. ಹೇಳು."

"ಒಂದೂರು. ಊರ ತುಂಬ ಮನೆಗಳು. ಅದೇ ಕಂಪ್ಯೂಟರಿನ ನೆನಪು. ಗುಡಿಸೋಳೊಬ್ಬಳು ಆಗಾಗ ಬರ್ತಾಳೆ, ಕೈಲಿ ಅರಮನೆ ಪಟ್ಟಿ. ಪಟ್ಟಿಯಲ್ಲಿರೋರು ಯಾರ ಕೈ ಹಿಡಿದಿದ್ದಾರೆ, ಅವರು ಮತ್ಯಾರ ಕೈ ಹಿಡಿದಿದ್ದಾರೆ, ನೋಡ್ತಾ ಹೋಗ್ತಾಳೆ. ಯಾರೂ ಹಿಡಿಯದೇ ಉಳಿದೋರು ಕಸ. ಗುಡಿಸಿ, ಆ ಮನೆ ಹೊಸಬರಿಗೆ ಕೊಡ್ತಾಳೆ."

"ದಾಕ್ಷಿಣ್ಯ ಇಲ್ಲದ ಹೆಂಗಸು."

"ಅಜ್ಜಿ!"

"ಗೊಂಬೆ, ಗೊಂಬೆ. ಮುಂದೆ?"

ಪರೀಕ್ಷೆಗೆಂದು ನಾನು ಬರೆದ ಪ್ರೋಗ್ರಾಮು, ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದ ಏಳು ರಾಣಿಯರ ಕತೆಯನ್ನೇ ಚೂರು ಚೂರಾಗಿ ಜೋಡಿಸಿ ಪರದೆಗೆ ತರುತ್ತದೆ. ಕೊನೆಗೆಲ್ಲೋ ಒಂದು ಗಿಳಿ ಬರುವುದನ್ನು ನಿದ್ದೆಗಣ್ಣಿನಲ್ಲಿ ಕೇಳಿದ ನೆನಪಿತ್ತು, ಅದನ್ನೂ ಸೇರಿಸಿದ್ದೆ. ಸಾವಿರ ಸಲ ಓಡಿಸಿದರೆ ಒಂದು ಸಲ ಮಾತ್ರ, ಆರು ರಾಣಿಯರಾದ ಮೇಲೆ ಏಳನೆಯವಳ ಜಾಗದಲ್ಲಿ 'ಹಸಿರು ಗಿಳಿ' ಎಂದು ಬರುತ್ತಿತ್ತು. ಇದನ್ನೂ ಹೇಳಿದೆ.

"ಅದ್ರಲ್ಲಿ ತಪ್ಪೇನಿದೆ?" ಎಂದಳು ಅಜ್ಜಿ.

"ರಾಣಿ ಹೋಗಿ ಗಿಳಿ ಆಗೋದು ತಪ್ಪಲ್ವಾ? ಬಾಯ್ಮುಚ್ಕೊಂಡು ಕೇಳು. ಇನ್ನೂ ಒಂದು ವಿಚಿತ್ರ. ಅವಳಿಗೇನಾಗ್ತಿದೆ ನೋಡೋಣ ಅಂತ, ಕೊನೇಲಿ ಅವಳ ಹೆಸರನ್ನ ಇನ್ನೊಂದ್ಸಲ ತೋರಿಸೋ ಸಾಲು ಸೇರಿಸಿದ್ರೆ ಏನೂ ಆಗಲ್ಲ! ತೆಗೆದ್ರೆ ಮತ್ತೆ ಗಿಳಿ. ನಾನು ನೋಡ್ತಿದ್ರೆ ಮಾತ್ರ ಸಂಭಾವಿತೆ."

ಅಜ್ಜಿ ಬೀನ್ಸು ಕೆಳಗಿಟ್ಟಳು. "ನೋಡೋದಕ್ಕಲ್ಲ ಕಣೇ. ನೋಡಬೇಕು ಅಂತ ಕೊನೇವರೆಗೂ ನೀನು ಅವಳ ಕೈ ಹಿಡ್ಕೊಂಡಿರ್ತೀಯ. ಅದಕ್ಕೆ ಗುಡಿಸೋಳು ಮುಟ್ಟಲ್ಲ. ನೀನು ಬಿಟ್ರೆ ಯಾರು ಹಿಡ್ಕೋತಾರೆ?"

ಯಾರೂ ಇಲ್ಲ! ರಾಣಿಯನ್ನು ಕತೆಯ ಹಳೆಯ ಚೂರಿನಿಂದ ಇಳಿಸಿ ಹೊಸ ಚೂರಿಗೆ ಏರಿಸುವ ಮುನ್ನ ನನ್ನ ಕೋಡು ಹೊಸ ಜಾಗ ಕೇಳುತ್ತದೆ. ಜಾಗ ಸಾಲದಿದ್ದರೆ ಗುಡಿಸುವವಳಿಗೆ ಕರೆ ಹೋಗುತ್ತದೆ. ಆ ರೆಪ್ಪೆ ಬಡಿಯುವ ಹೊತ್ತಿನಲ್ಲಿ ರಾಣಿ ಅತ್ತ ತವರಿನವಳೂ ಅಲ್ಲ, ಇತ್ತ ಗಂಡನ ಮನೆಯವಳೂ ಅಲ್ಲ. ಪೊರಕೆ ಒಮ್ಮೆ ಬೀಸಿತೆಂದರೆ ಅವಳ ಮನೆಗೆ ಗಿಳಿಯ ಸಂಸಾರ.

ಊಹೆ ಸರಿಯೇ ಎಂದು ನೋಡಲು, ಗುಡಿಸುವವಳು ಹೆಜ್ಜೆಗೊಮ್ಮೆ ಬರುವಂತೆ ಮಾಡಿ ಓಡಿಸಿದೆ: ಪ್ರತಿ ಸಲವೂ ಗಿಳಿ. ಒಂದೇ ಒಂದು ಸಾಲು ಬರೆದೆ: ಜಾಗ ಕೇಳುವ ಮೊದಲು ರಾಣಿಯ ಹೆಸರು ಅರಮನೆಯ ಪಟ್ಟಿಗೆ. ಹತ್ತು ಸಾವಿರ ಸಲ ಓಡಿಸಿದೆ. ಹತ್ತು ಸಾವಿರ ಸಲವೂ ರಾಣಿ.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಆಮೆಯವರು ಎಲ್ಲವನ್ನೂ ನೋಡಿ ಫೋನಿನಲ್ಲಿ ಕೇಳಿದರು: "ಗೊಂಬೆಗೆ ಹೇಳಿದ್ಯಾ?"

"ಹೇಳ್ದೆ ಸಾರ್. ಗೊಂಬೆ ಎದುರುತ್ತರ ಕೊಡ್ತು."

"ಅಂಥದ್ದೊಂದು ಆಫೀಸಿಗೂ ತಂದಿಡಮ್ಮಾ. ನಿನ್ನ ಭಾಗವನ್ನೇ ಕಳಿಸ್ತಿದ್ದೀವಿ."

ನಾನು ಕುಣಿದ ಕುಣಿತಕ್ಕೆ ಬೀನ್ಸೆಲ್ಲ ನೆಲದ ಪಾಲಾಯಿತು.

"ಈಗ ಗೊಂಬೆ ಮಾತಾಡಬಹುದಾ?" ಅಜ್ಜಿ ಹೆಕ್ಕುತ್ತ ಕೇಳಿದಳು. "ಏಳನೇ ರಾಣಿ ಗಿಳೀನೇ ಆಗ್ತಾಳೆ ಕಣೇ. ಸವತಿಯರು ಮಂತ್ರ ಹಾಕ್ತಾರೆ. ಕತೆ ಇರೋದೇ ಹಾಗೆ. ನೀನು ದಿನಾ ಆರನೇ ರಾಣಿಗೇ ಗೊರಕೆ ಹೊಡೀತಿದ್ದೆ."

ಪರದೆಯ ತುಂಬ ಹತ್ತು ಸಾವಿರ ರಾಣಿಯರು, ಒಬ್ಬಳಿಗೂ ರೆಕ್ಕೆಯಿಲ್ಲ.

"ಮೊದಲೇ ಹೇಳೋದಲ್ವಾ ಅಜ್ಜಿ!"

"ಹೇಳಕ್ಕೆ ಹೋದೆ. ನೀನೇ ಬಾಯ್ಮುಚ್ಕೋ ಅಂದೆ."