ಶೆಡ್ಡಿನೊಳಗಿನ ಜಪ

ಈ ಶಿಲ್ಪಿ ಉಳಿ ಕೈಗೆತ್ತಿಕೊಂಡರೆ ಸಾಕು, ಬೆಟ್ಟಗಳೇ ಅಂಗಳದಲ್ಲಿ ಸಾಲುನಿಂತು ‘ಮೊದಲು ನನ್ನನ್ನು ಕೆತ್ತು’ ಎಂದು ಜುಟ್ಟು ಹಿಡಿದು ಜಗಳವಾಡುತ್ತಿದ್ದವು. ಅವನ ಸುತ್ತಿಗೆಯ ಸದ್ದಿಗೆ ಸಮುದ್ರ ತಾಳ ಹಾಕುತ್ತಿತ್ತು. ನಂಬದವರು ಅವನನ್ನೇ ಕೇಳಬಹುದು, ಹೇಳಿದ್ದೂ ಅವನೇ.

ಇಷ್ಟೆಲ್ಲ ಪ್ರತಾಪವಿದ್ದರೂ ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಮಂದಿಯ ಅಡುಗೆಕಟ್ಟೆಗೆ ಕಲ್ಲು ಕತ್ತರಿಸುವ ಕೆಲಸ. ಹಾಗಾಗಿ ಪ್ರಾರ್ಥನಾ ಮಂದಿರದ ಅಧ್ಯಕ್ಷರು ಆಳೆತ್ತರದ ಸಂತನ ಮೂರ್ತಿ ಬೇಕೆಂದು ಬಂದಾಗ ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅವರದು ಒಂದೇ ಷರತ್ತು: ಮಿಷನ್ ಮುಟ್ಟಿಸಕೂಡದು. ಮಿಷನ್ ಎಂದರೆ ಏನೆಂದೇ ತನಗೆ ತಿಳಿಯದು ಎಂದ ಶಿಲ್ಪಿ.

ಕೆಲಸ ಶುರುವಾದದ್ದೇ ಶೆಡ್ಡಿನೊಳಗಿಂದ ಗುಂಯ್ ಎಂಬ ಸದ್ದು ಬರತೊಡಗಿತು. ಅದು ತನ್ನ ಜಪ, ಆಗ ಯಾರೂ ಬಾಗಿಲು ತೆರೆಯಬಾರದು ಎಂದು ಹೇಳಿಟ್ಟ. ಅಧ್ಯಕ್ಷರು ದಿನಾ ಬಂದು ಹೊರಗೇ ತಲೆಬಾಗಿ ನಿಲ್ಲುವರು. ನಡುವೆ ಒಮ್ಮೆಯೂ ಉಸಿರೆಳೆದುಕೊಳ್ಳದೆ ಜಪಿಸುವವರನ್ನು ತಾವು ಕಂಡೇ ಇಲ್ಲವೆಂದು ಅವನ ಹೆಂಡತಿಗೆ ಹೇಳಿ ಕಣ್ಣೊರೆಸಿಕೊಂಡರು. ಆಕೆ ನಗು ತಡೆಯಲಾರದೆ ಒಳಗೆ ಓಡಿದಳು.

ಮೂರ್ತಿ ಇನ್ನೇನು ಮುಗಿಯಿತು ಎನ್ನುವಾಗ ಒಂದು ದಿನ ಆಕೆ ಅವರಿಗೆ ಚಹಾ ಕಾಯಿಸಲು ಕರೆಂಟಿನ ಕೆಟಲ್ ಹಚ್ಚಿದಳು. ಮನೆಯ ದೀಪ ಹೋಯಿತು. ಜಪವೂ ಪಟ್ಟನೆ ನಿಂತಿತು.

“ಯಾಕಮ್ಮ, ಜಪ ನಿಂತೋಯ್ತು?”

“ಫ್ಯೂಸ್ ಹೋಯ್ತು ಸಾರ್,” ಎಂದುಬಿಟ್ಟಳು ಆಕೆ.

ಮೈಯೆಲ್ಲ ಬಿಳಿ ಧೂಳಾದ ಶಿಲ್ಪಿ ಹೊರಬಂದ. ಅಧ್ಯಕ್ಷರನ್ನು ಕಂಡವನೇ ತುಟಿಯ ಮೇಲೆ ಬೆರಳಿಟ್ಟು, ಈಗಿನಿಂದ ಮೌನವ್ರತ ಎಂಬಂತೆ ಆಕಾಶ ತೋರಿಸಿದ. ಆದರೆ ಮಿಷನ್ನಿನ ಸ್ವಿಚ್ ಆರಿಸುವುದನ್ನು ಮರೆತಿದ್ದ. ಹೆಂಡತಿ ಕೆಟಲ್ ಕಿತ್ತು ಫ್ಯೂಸ್ ಹಾಕಿದಳು. ಶಿಲ್ಪಿಯ ಬಾಯಿ ಮುಚ್ಚಿಯೇ ಇತ್ತು. ಒಳಗೆ ಜಪ ಮತ್ತೆ ಶುರುವಾಯಿತು.

ಅಧ್ಯಕ್ಷರು ಅವನ ಬಾಯಿ ನೋಡಿದರು, ಶೆಡ್ಡಿನ ಬಾಗಿಲು ನೋಡಿದರು, ಮತ್ತೆ ಬಾಯಿ ನೋಡಿದರು.

“ಮಿಷನ್ ಸಾರ್,” ಅಂದ ಶಿಲ್ಪಿ. “ಒರಟು ಕೆಲಸಕ್ಕೆ ಅಷ್ಟೇ. ಮುಖ ಎಲ್ಲಾ ಕೈಯಲ್ಲೇ.”

ಹೆಂಡತಿ ಅವನನ್ನೇ ದಿಟ್ಟಿಸಿದಳು.

“ಮುಖಾನೂ ಮಿಷನ್ನಲ್ಲೇ,” ಎಂದು ಒಪ್ಪಿಕೊಂಡ ಶಿಲ್ಪಿ.

ಅಧ್ಯಕ್ಷರು ಒಳಹೋಗಿ ಸಂತನ ಎದುರು ಬಹಳ ಹೊತ್ತು ನಿಂತರು. “ಕಣ್ಣು ನನ್ನನ್ನೇ ನೋಡ್ತಾ ಇದೆಯಲ್ಲಯ್ಯ. ಇದೂ ಮಿಷನ್ನೇನಾ?”

“ಇಲ್ಲ ಸಾರ್, ಅದು ಉಳೀಲಿ ಮಾಡಿದ್ದು. ಅಲ್ಲಿ ಮಿಷನ್ ಇಡೋಕೆ ನಂಗೇ ಹೆದರಿಕೆ ಆಯ್ತು.”

ಹೆಂಡತಿ ಹೌದೆಂದು ತಲೆಯಾಡಿಸಿದಳು. ಮೂರ್ತಿ ಯಾವಾಗ ಕೈಗೆ ಸಿಗುತ್ತದೆ ಎಂದು ಅಧ್ಯಕ್ಷರು ಕೇಳಿದ್ದು ಅವಳನ್ನೇ.