ಲೀಬಾನನ ಮೆಟಲ್ ಕ್ಯಾಸೆಟ್ಟು

ನನ್ನ ಕ್ಯಾಸೆಟ್ ಡೆಕ್ಕು ಸೆಕೆಂಡ್ ಹ್ಯಾಂಡು. ಜಿಬೂಟಿಯ ಯಾವುದೋ ಹೋಟೆಲಿನಲ್ಲಿ ದುಡಿದು ದಣಿದು, ಲಾರಿಯಲ್ಲಿ ಅಕ್ಕಿ ಮೂಟೆಗಳ ಮೇಲೆ ಕೂತು ನಮ್ಮೂರು ಹರ್ಗೇಸಕ್ಕೆ ಬಂದದ್ದು. ಬಂದ ಹೊಸದರಲ್ಲಿ ಕೊಟ್ಟ ಟೇಪನ್ನೆಲ್ಲ ಎಳೆದು ತಿನ್ನುತ್ತಿತ್ತು. ಟೇಪನ್ನು ಒತ್ತಿ ಹಿಡಿಯುವ ರಬ್ಬರ್ ಗಾಲಿ ಕಲ್ಲಾಗಿತ್ತು, ಬದಲಾಯಿಸಿದೆ. ಬೆಲ್ಟು ಜೋತುಬಿದ್ದಿತ್ತು, ಅದನ್ನೂ ಬದಲಾಯಿಸಿದೆ. ಈಗ ದಿನಾ ಅಂಗಡಿ ತೆರೆದ ಕೂಡಲೇ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ, ಟೇಪಿಗೆ ತಾಗುವ ಅದರ ಹೆಡ್ಡು ಒರೆಸುತ್ತೇನೆ. ನಮ್ಮೂರಲ್ಲಿ ಏನಕ್ಕೆ ಬರ ಬಂದರೂ ಧೂಳಿಗೆ ಬರವಿಲ್ಲ. ಹತ್ತಿಗೆ ಹತ್ತುವ ಕಂದು ಬಣ್ಣ ನೋಡಿ ನನ್ನ ತಮ್ಮ ಲೀಬಾನ್, "ಅದು ಕೊಳೆ ಅಲ್ಲ ಅಣ್ಣ, ಯಾರದೋ ಹಾಡು ಸವೆದು ಉದುರಿದ್ದು" ಅನ್ನುತ್ತಿದ್ದ. "ಕವಿತೆ ಸಾಕು, ಬಾಟಲಿ ಮುಚ್ಚಳ ಹಾಕು" ಎಂದು ನಾನು ಬೈಯುತ್ತಿದ್ದೆ.

ಲೀಬಾನ್ ಸತ್ತು ವರ್ಷವಾಯಿತು. ಜೆದ್ದಾದಲ್ಲಿ ಟೇಪ್ ರೆಕಾರ್ಡರ್ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ರಸ್ತೆ ದಾಟುವಾಗ ಕಾರು ಬಡಿಯಿತು. ಅಲ್ಲೇ ಮಣ್ಣು ಮಾಡಿದರು.

ಗೋಡೆ ತುಂಬ ಕ್ಯಾಸೆಟ್ ಜೋಡಿಸಿಕೊಂಡು ಕೂತವನ ಹತ್ತಿರ ಒಡಹುಟ್ಟಿದ ತಮ್ಮನ ಒಂದು ಮಾತೂ ಉಳಿದಿರಲಿಲ್ಲ ಎಂದರೆ ನಗುತ್ತೀರಿ. ನಗಿ. ನಮ್ಮಲ್ಲಿ ದೂರ ಇರುವವರಿಗೆ ಕಾಗದ ಬರೆಯುವುದಿಲ್ಲ, ಕ್ಯಾಸೆಟ್ಟಿನಲ್ಲಿ ಮಾತಾಡಿ ಆ ಕಡೆ ಹೋಗುವವರ ಕೈಗೆ ಕೊಡುತ್ತೇವೆ. ಬಂದದ್ದನ್ನು ಕೇಳುವುದು, ಅದರ ಮೇಲೇ ಉತ್ತರ ತುಂಬಿ ವಾಪಸು ಕಳಿಸುವುದು. ಮನೆಮಾತಿಗೆಂದು ಇನ್ನೊಂದು ಕ್ಯಾಸೆಟ್ ಕೊಳ್ಳುವಷ್ಟು ತಲೆ ಕೆಟ್ಟವರು ಯಾರು? ಲೀಬಾನ್ ಮತ್ತು ಅವನ ಹೆಂಡತಿ ಉಗ್ಬಾದ್ ಇಷ್ಟು ವರ್ಷ ಒಬ್ಬರ ದನಿಯನ್ನು ಒಬ್ಬರು ಅಳಿಸಿಕೊಂಡೇ ಸಂಸಾರ ಮಾಡಿದ್ದರು.

ಮೊನ್ನೆ ಮಧ್ಯಾಹ್ನ, ಗಂಡಸರೆಲ್ಲ ಖಾತ್ ಎಲೆ ಅಗಿಯಲು ಹೋಗಿ ಬೀದಿ ಖಾಲಿಯಾದ ಹೊತ್ತಿಗೆ, ಉಗ್ಬಾದ್ ಬಂದಳು. ಸೆರಗಿನಡಿಯಿಂದ ಒಂದು ಕ್ಯಾಸೆಟ್ ತೆಗೆದು ಮೇಜಿನ ಮೇಲಿಟ್ಟಳು. ಅದರ ಮೇಲೆ ಗಮ್ ಟೇಪು ಅಂಟಿಸಿ ಅವಳ ಹೆಸರು ಬರೆದಿತ್ತು. ಲೀಬಾನ್ ಸತ್ತ ಮೇಲೆ ಅವನ ಬಟ್ಟೆಬರೆಯ ಜೊತೆ ಇದನ್ನೂ ಊರಿಗೆ ಕಳಿಸಿದ ಗೆಳೆಯರ ಅಕ್ಷರ ಅದು.

"ಭಾವ, ಇದನ್ನ ಅಳಿಸಿಕೊಡಿ."

"ನನ್ನ ಡೆಕ್ಕೇನು ಕಸದ ಬುಟ್ಟೀನಾ? ನಿನ್ನ ಮನೇಲಿ ಟೇಪ್ ರೆಕಾರ್ಡರ್ ಇಲ್ವಾ?"

"ಅದು ಕೆಟ್ಟಿದೆ. ರೆಕಾರ್ಡ್ ಬಟನ್ ಎಷ್ಟು ಒತ್ತಿದ್ರೂ ಕೆಳಗೆ ಇಳೀತಿಲ್ಲ."

"ಧೂಳು ಕೂತಿರ್ತದೆ. ಒಲೆ ಪಕ್ಕ ಇಟ್ಕೊಂಡ್ರೆ ಇನ್ನೇನು? ಇದ್ರಲ್ಲಿ ಏನಿದೆ?"

"ನನ್ನ ಬೈಗುಳ."

ಅವಳು ಕೂರಲಿಲ್ಲ. ನಿಂತೇ ಹೇಳಿದಳು. ಕಳೆದ ವರ್ಷ ರಂಜಾನಿನಲ್ಲಿ ಈ ಕ್ಯಾಸೆಟ್ ಬಂತು. ಹಾಕಿದ ಕೂಡಲೇ ಲೀಬಾನ್, ಈ ಸಲ ಈದ್‌ಗೆ ಬರೋದಿಲ್ಲ ಎಂದ. ಇವಳಿಗೆ ಸಿಟ್ಟು ನೆತ್ತಿಗೇರಿತು. ಮುಂದಿನದು ಕೇಳಲಿಲ್ಲ. ಟೇಪನ್ನು ಮೊದಲಿಗೆ ತಿರುಗಿಸಿ, ರೆಕಾರ್ಡ್ ಒತ್ತಿ, ಬಾಯಿಗೆ ಬಂದದ್ದೆಲ್ಲ ಬೈದು ಕಳಿಸಿಬಿಟ್ಟಳು.

"ಬರ್ಲೇಬೇಡ, ಅಲ್ಲೇ ಮಣ್ಣಾಗು ಅಂದೆ ಭಾವ. ಅಲ್ಲೇ ಮಣ್ಣಾದ್ರು. ಇದು ಮನೇಲಿರೋ ತನಕ ನಂಗೆ ನಿದ್ದೆ ಇಲ್ಲ. ಅಳಿಸಿ. ನೀವೂ ಕೇಳ್ಬೇಡಿ."

ಡೆಕ್ಕಿನ ಬಾಗಿಲು ತೆರೆದು ಕ್ಯಾಸೆಟ್ ಎತ್ತಿಕೊಂಡೆ. ಕೈಗೆ ಭಾರ ಬಂತು. ತಿರುಗಿಸಿ ನೋಡಿದರೆ ಮೆಟಲ್.

ಕ್ಯಾಸೆಟ್ಟುಗಳಲ್ಲೂ ಜಾತಿಯಿದೆ. ನಾನು ಮಾರುವುದು ನಾರ್ಮಲ್, ಒಳಗಿನ ಪಟ್ಟಿ ತುಕ್ಕಿನ ಬಣ್ಣದ್ದು, ಬಡವರ ಬಂಧು. ಅದರ ಮೇಲಿನದು ಕ್ರೋಮ್, ಹಿಂದೆ ಗುಂಯ್‌ಗುಡುವುದು ಕಡಿಮೆ. ಎಲ್ಲಕ್ಕಿಂತ ಮೇಲೆ ಮೆಟಲ್. ಅದು ಹಟಮಾರಿ. ದನಿ ಹತ್ತಿಸುವುದೂ ಕಷ್ಟ, ಹತ್ತಿದ ದನಿ ಬಿಡಿಸುವುದೂ ಕಷ್ಟ. ಮನೆಯ ಸಣ್ಣ ಟೇಪ್ ರೆಕಾರ್ಡರಿಗೆ ಅದನ್ನು ಪೂರ್ತಿ ಅಳಿಸುವ ತ್ರಾಣವಿರುವುದಿಲ್ಲ. ನನ್ನ ಡೆಕ್ಕಿಗೆ ಉಂಟು. ಅದರಲ್ಲಿಟ್ಟು ಅಳಿಸಿದರೆ ದೇವರೇ ಬಂದರೂ ಏನೂ ಸಿಗದು.

ಕ್ಯಾಸೆಟ್ಟನ್ನು ಡೆಕ್ಕಿನಿಂದ ದೂರ ಹಿಡಿದೆ.

"ಉಗ್ಬಾದ್, ನೀನು ಬೈದದ್ದು ಅವನ ಮಾತಿನ ಮೇಲೇ ತಾನೆ?"

"ಹೂಂ. ಯಾಕೆ?"

"ಅಳಿಸಲ್ಲ. ಮೊದ್ಲು ಕೇಳ್ತೀನಿ."

"ಬೇಡ ಅಂದೆ!" ಕ್ಯಾಸೆಟ್ಟಿಗೆ ಕೈ ಹಾಕಿದಳು. "ಕೊಡಿ ಇಲ್ಲಿ. ಒಲೆಗೆ ಹಾಕ್ತೀನಿ."

"ನಿಂಗೆ ಅವ್ನು ಗಂಡ ಇರ್ಬಹುದು ಕಣೇ, ನನ್ನ ಬೆನ್ನ ಮೇಲೆ ಬೆಳೆದ ಹುಡುಗ ಅವ್ನು! ಅವ್ನ ದನಿ ಕೇಳಿ ಒಂದು ವರ್ಷ ಆಯ್ತು ನಂಗೆ."

ಕಿರುಚಿದೆ. ಹೊರಗೆ ನೆರಳಲ್ಲಿ ಮಲಗಿದ್ದ ಮೇಕೆ ಎದ್ದು ಹೋಯಿತು. ಉಗ್ಬಾದ್ ಕೈ ಬಿಟ್ಟಳು.

ಬೆಳಗ್ಗೆ ಒರೆಸಿದ್ದ ಹೆಡ್ಡನ್ನೇ ಮತ್ತೆ ಒರೆಸಿದೆ, ರಬ್ಬರ್ ಗಾಲಿಯನ್ನೂ ಒರೆಸಿದೆ. ಹಾಳು ಡೆಕ್ಕು ಇವತ್ತೊಂದು ದಿನ ಟೇಪು ತಿನ್ನದಿರಲಿ ಎಂದು ಬಿಸ್ಮಿಲ್ಲಾ ಹೇಳಿ ಬಟನ್ ಒತ್ತಿದೆ.

ಉಗ್ಬಾದಳ ದನಿ ಚೀರುತ್ತ ಬಂತು. ಸಣ್ಣ ಮಿಷನ್ನಿನಲ್ಲಿ ಮೆಟಲ್ ಮೇಲೆ ತುಂಬಿದ್ದಕ್ಕೆ ದನಿ ತಗಡಿನ ಹಾಗಿತ್ತು. ನಿನ್ನ ಈದ್ ಹಾಳಾಗ, ನಿನ್ನ ಅಂಗಡಿಗೆ ಬೆಂಕಿ ಬೀಳ. ನಮ್ಮ ಹೆಂಗಸರ ಬಾಯಿ ಗೊತ್ತಲ್ಲ. ಪಕ್ಕದಲ್ಲಿ ನಿಂತವಳು ಎರಡೂ ಕಿವಿ ಮುಚ್ಚಿಕೊಂಡಿದ್ದಳು. ಹೆಡ್ಡಿನ ಪಕ್ಕದ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿದೆ. ಹೆಡ್ಡಿನ ವಾರೆ ಸರಿಹೋಗಿ ದನಿ ತಿಳಿಯಾಯಿತು. ಬೈಯುತ್ತಿದ್ದವಳು ಉಸಿರೆಳೆದುಕೊಳ್ಳಲು ನಿಂತಳು. ಆ ಸಂದಿಯಲ್ಲಿ, ಗೋಡೆಯಾಚೆ ಕೂತು ಮಾತಾಡಿದ ಹಾಗೆ, ಲೀಬಾನ್.

"...ಬಂದ್ರೆ ಹದಿನೈದೇ ದಿನ. ಅದ್ರ ಬದ್ಲು..."

ಮತ್ತೆ ಬೈಗುಳ. ಮತ್ತೆ ಉಸಿರು.

"...ಹಜ್ ಸೀಸನ್ ಮುಗಿಸಿ ಬಂದುಬಿಡ್ತೀನಿ. ಇನ್ನು ಹೋಗಲ್ಲ. ಅಣ್ಣನ ಅಂಗಡೀಲೇ ಬೈಸ್ಕೊಂಡು..."

ಉಗ್ಬಾದ್ ಕಿವಿಯಿಂದ ಕೈ ತೆಗೆದಿದ್ದಳು.

"...ಒಳ್ಳೇ ಕ್ಯಾಸೆಟ್ ಕಳಿಸಿದೀನಿ. ಇದ್ರಲ್ಲೇ ಮಾತಾಡು. ನಿನ್ನ ದನಿ ಚೆನ್ನಾಗಿ ಕೇಳ್ಲಿ."

"ಅಲ್ಲೇ ಮಣ್ಣಾಗು" ಎಂದಳು ಟೇಪಿನೊಳಗಿನ ಉಗ್ಬಾದ್, ಅವನ ಮಾತಿನ ಮೇಲೇ.

ನಾನು ನಿಲ್ಲಿಸಿದೆ. ನಾನು ಅತ್ತೆ, ಅದರಲ್ಲಿ ಮುಚ್ಚುಮರೆ ಏನು. ಅವಳು ನೆಲಕ್ಕೆ ಕುಸಿದು ಕೂತು ಬಹಳ ಹೊತ್ತು ಅತ್ತಳು.

"ಬಂದುಬಿಡ್ತೀನಿ ಅಂದಿದ್ರು. ನಾನು ಕೇಳ್ಲೇ ಇಲ್ವಲ್ಲ ಭಾವ."

"ಸುಮ್ನಿರು."

"ನನ್ನ ಮಾತು ತೆಗೆದು ಅವರದ್ದಷ್ಟೇ ಇಟ್ಕೊಡಿ."

"ಆಗಲ್ಲ ತಾಯಿ. ಇಬ್ರೂ ಒಂದೇ ಪಟ್ಟಿ ಮೇಲಿದೀರಿ. ಇದ್ರೆ ಇಬ್ರೂ, ಹೋದ್ರೆ ಇಬ್ರೂ."

ಮೂಗು ಒರೆಸಿಕೊಂಡು ಕೇಳಿದಳು, "ಇದು ಅವರ ಕೈಸೇರಿತ್ತು. ಆದ್ರೆ ಕೇಳಿದ್ರೋ ಇಲ್ವೋ? ಕೇಳ್ದೇ ಹೋಗಿರ್ಲಿ ಅಂತ ದಿನಾ ನಮಾಜಿನಲ್ಲಿ ಬೇಡ್ತೀನಿ."

ನನಗೇನು ಗೊತ್ತು? ಕ್ಯಾಸೆಟ್ ಹೊರಗೆ ತೆಗೆದೆ. ಕ್ಯಾಸೆಟ್ಟಿನ ಬೆನ್ನಿನ ಎರಡು ಮೂಲೆಯಲ್ಲಿ ಸಣ್ಣ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಅವನ್ನು ಮುರಿದರೆ ರೆಕಾರ್ಡ್ ಬಟನ್ ಇಳಿಯುವುದಿಲ್ಲ, ಯಾರೂ ಅದರ ಮೇಲೆ ತುಂಬಲಾರರು. ಉಳಿಯಬೇಕಾದ್ದಕ್ಕೆ ಮಾತ್ರ ಹಲ್ಲು ಮುರಿಯಬೇಕು ಎಂದು ಲೀಬಾನನಿಗೆ ಇದೇ ಮೇಜಿನ ಹಿಂದೆ ನಾನೇ ಹೇಳಿಕೊಟ್ಟಿದ್ದೆ. ಮನೆಗೆ ಬಂದ ಅವನ ಯಾವ ಕ್ಯಾಸೆಟ್ಟಿನ ಹಲ್ಲೂ ಮುರಿದಿರಲಿಲ್ಲ. ಮುರಿದರೆ ಉತ್ತರ ಎಲ್ಲಿ ತುಂಬುವುದು?

ಇದರ ಹಲ್ಲನ್ನಾದರೂ ಮುರಿದುಬಿಡೋಣವೆಂದು ಸ್ಕ್ರೂಡ್ರೈವರ್ ಹಿಡಿದು ಬೆನ್ನು ನೋಡಿದೆ. ಎರಡೂ ಮೂಲೆ ಬೋಳಾಗಿದ್ದವು.

"ಇದನ್ನ ನೀನು ಮುರಿದ್ಯಾ?"

"ಏನನ್ನ?"

ಅವಳಿಗೆ ಹಲ್ಲಿನ ವಿಷಯವೇ ಗೊತ್ತಿರಲಿಲ್ಲ. ಹಲ್ಲು ಹೋಗಿದ್ದರೆ ಆ ದಿನ ಅವಳು ಬೈದು ತುಂಬಲಿಕ್ಕೂ ಆಗುತ್ತಿರಲಿಲ್ಲ. ಅವಳ ಮನೆಯ ಟೇಪ್ ರೆಕಾರ್ಡರ್ ಕೆಟ್ಟೂ ಇರಲಿಲ್ಲ.

"ಕೇಳಿದಾನೆ" ಎಂದೆ. "ಪೂರ್ತಿ ಕೇಳಿದಾನೆ. ಕೇಳಿ, ಮತ್ಯಾರೂ ಅಳಿಸ್ಬಾರ್ದು ಅಂತ ಹಲ್ಲು ಮುರಿದಿಟ್ಟಿದಾನೆ."

ಅವಳು ಕ್ಯಾಸೆಟ್ ಇಸಿದುಕೊಂಡು ಆ ಬೋಳು ಮೂಲೆಗಳನ್ನು ಹೆಬ್ಬೆರಳಿಂದ ಸವರಿದಳು.

"ಇಂಥಾ ಕೆಟ್ಟ ಬೈಗುಳಾನ ಯಾರಾದ್ರೂ ಇಟ್ಕೋತಾರಾ ಭಾವ?"

"ನಿನ್ನ ದನಿ ಅಲ್ವೇನೆ, ಹುಚ್ಚಿ."

ಕ್ಯಾಸೆಟ್ಟನ್ನು ಅವಳೇ ಡೆಕ್ಕಿನೊಳಗಿಟ್ಟು, "ಮೊದ್ಲಿಂದ ಹಾಕಿ" ಎಂದಳು. ಹಾಕಿದೆ. ಅವಳ ಬೈಗುಳವನ್ನು ನಾವಿಬ್ಬರೂ ತಲೆ ತಗ್ಗಿಸಿ ಕೇಳುತ್ತ, ಅವಳು ಯಾವಾಗ ಉಸಿರೆಳೆದುಕೊಳ್ಳುತ್ತಾಳೋ ಎಂದು ಕಾಯುತ್ತ ಕೂತೆವು.